ಊಟದ ತಟ್ಟೆ, ಕಣ್ಣಿನ ಬೆಳಕು, ನರಗಳ ಬಲ



ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ನಾವು ಜೋಳದ ರೊಟ್ಟಿಯನ್ನುಂಡು ಬೆಳೆದವರು. ಈ ಜೋಳವನ್ನು ಕುರಿತೇ ಹೈದರಾಬಾದಿನಲ್ಲಿ ಮಹತ್ತ್ವದ ಸಂಶೋಧನೆಯೊಂದು ನಡೆಯಿತು. 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿ ರೋಗದ ಶೋಧಕ್ಕೆಂದು ಆರಂಭವಾದ ಪ್ರಯೋಗಾಲಯವು 1958ರಲ್ಲಿ ಹೈದರಾಬಾದಿಗೆ ಬಂದಿತು. ಅದೇ ಇಂದಿನ ರಾಷ್ಟ್ರೀಯ ಪೋಷಣ ಸಂಸ್ಥೆ. ಬಿಸಿಲು ತಾಗಿದೆಡೆ ಚರ್ಮ ಕಪ್ಪಾಗಿ ಬಿರಿಯುವ, ಭೇದಿ ಹತ್ತುವ, ಮನಸ್ಸು ಕದಡುವ ಪೆಲಾಗ್ರಾ ರೋಗವನ್ನು ಡಾ. ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು ದಖ್ಖನಿನ ಬಡ ಜೋಳಭೋಜಿಗಳಲ್ಲಿ ಕಂಡರು. ಜೋಳದಲ್ಲಿ ಅಧಿಕವಾಗಿರುವ ಲ್ಯೂಸಿನ್ ಅಂಶವು ನಿಯಾಸಿನ್ ಜೀವಸತ್ವದ ಬಳಕೆಗೆ ಅಡ್ಡಿಯಾಗುವುದೆಂಬ ವಾದವನ್ನು 1960ರಲ್ಲಿ ಮಂಡಿಸಿದರು. ಆ ವಾದದ ಕುರಿತು ಮುಂದೆ ಚರ್ಚೆ ನಡೆದರೂ ನಮಗೆ ಉಳಿದ ಪಾಠ ಸರಳವಾದುದು: ದೋಷ ರೊಟ್ಟಿಯದಲ್ಲ, ರೊಟ್ಟಿಯೊಂದೇ ಇರುವ ತಟ್ಟೆಯದು. ಅದರ ಪಕ್ಕದಲ್ಲಿ ಬೇಳೆ, ಶೇಂಗಾ, ಸೊಪ್ಪು, ಮಜ್ಜಿಗೆ ಇರಬೇಕು.

ಕಣ್ಣಿನ ವಿಚಾರವೂ ಇಂಥದ್ದೇ. ಮಂದ ಬೆಳಕಿನಲ್ಲಿ ಕಾಣಲು ನೆರವಾಗುವ ವರ್ಣದ್ರವ್ಯವು ‘ಎ’ ಜೀವಸತ್ವದಿಂದ ಆಗುತ್ತದೆ. ಅದು ಕಡಿಮೆಯಾದ ಮಗು ಮುಸ್ಸಂಜೆಯಲ್ಲಿ ಎಡವುತ್ತದೆ. ಬಳಿಕ ಕಣ್ಣು ಒಣಗಿ, ಬಿಳಿಭಾಗದಲ್ಲಿ ನೊರೆಯಂಥ ಮಚ್ಚೆ ಮೂಡುತ್ತದೆ. ಉಪೇಕ್ಷಿಸಿದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆ ಕರಗಿ, ಹೋದ ದೃಷ್ಟಿ ಮರಳದು. ನುಗ್ಗೆಸೊಪ್ಪು, ಪಪ್ಪಾಯಿ, ಮಾವು ಇದಕ್ಕೆ ರಕ್ಷೆ. ಸೊಪ್ಪಿಗೆ ಒಂದಿಷ್ಟು ಎಣ್ಣೆಯ ಒಗ್ಗರಣೆ ಬಿದ್ದರೆ ಸತ್ವ ಮೈಗೆ ಹತ್ತುತ್ತದೆ. ಒಂಬತ್ತು ತಿಂಗಳಿನಿಂದ ಐದು ವರ್ಷದವರೆಗೆ ಸರ್ಕಾರ ಕೊಡುವ ‘ಎ’ ಜೀವಸತ್ವದ ದ್ರವವನ್ನು ತಪ್ಪಿಸಬಾರದು. ತಾವಾಗಿಯೇ ಹೆಚ್ಚು ಕುಡಿಸಲೂಬಾರದು.

ಹಿರಿಯರ ಪಾದ ಜುಮ್ಮೆಂದರೆ, ನಡಿಗೆ ತೂರಾಡಿದರೆ, ‘ವಯಸ್ಸಾಯಿತು’ ಎಂದು ನಾವು ಸುಮ್ಮನಾಗುತ್ತೇವೆ. ಅದು ಬಿ12 ಜೀವಸತ್ವದ ಕೊರತೆಯೂ ಇರಬಹುದು. ನರಗಳ ಹೊದಿಕೆಯನ್ನು ಕಾಪಾಡುವ ಈ ಸತ್ವವು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿದೆ, ಕಾಳು–ಸೊಪ್ಪುಗಳಲ್ಲಿಲ್ಲ. ಸಸ್ಯಾಹಾರಿಗಳೂ ಸಕ್ಕರೆ ಕಾಯಿಲೆಗೆ ಬಹುಕಾಲ ಮೆಟ್‌ಫಾರ್ಮಿನ್ ಸೇವಿಸುವವರೂ ರಕ್ತಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬೇಕು. ತಡವಾದರೆ ನರಗಳಿಗೂ ಕೆಲವೊಮ್ಮೆ ದೃಷ್ಟಿನರಕ್ಕೂ ಆದ ಹಾನಿ ಪೂರ್ತಿ ಗುಣವಾಗದು.

ಗಡಿನಾಡಿನ ನಮಗೆ ಇನ್ನೊಂದು ಹೊಣೆಯಿದೆ. ಮನೆಯಲ್ಲಿ ‘ಇರುಳುಗುರುಡು’ ಎನ್ನುವುದನ್ನು ದವಾಖಾನೆಯಲ್ಲಿ ‘ರೇಚೀಕಟಿ’ ಎನ್ನುತ್ತಾರೆ. ‘ಜೋಮು’ ಅಲ್ಲಿ ‘ತಿಮ್ಮಿರಿ’. ಎರಡೂ ನುಡಿ ಬಲ್ಲ ನಮ್ಮ ಮಕ್ಕಳು ಅಜ್ಜಿಯ ನೋವನ್ನು ವೈದ್ಯರಿಗೆ ತಿಳಿಯಹೇಳಲಿ. ಕನ್ನಡ ಶಾಲೆ ನೂರು ವರ್ಷ ಕಲಿಸಿದ ಅಕ್ಷರಕ್ಕೆ ಅದೂ ಒಂದು ಸಾರ್ಥಕತೆ.