ಕಳೆದುಹೋದ ಹತ್ತನೇ ನಾಣ್ಯ

(ಕೊಣನೂರಿನಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಉಪನ್ಯಾಸ)



ದನಕರುಗಳಿಗೆ ಮೇವು ಹಾಕಿ, ಮಕ್ಕಳನ್ನು ಶಾಲೆಗೆ ಕಳಿಸಿ, ಕೂಲಿ ಬಿಟ್ಟು ಬಂದಿದ್ದೀರಿ. ನಿಮ್ಮ ಸಮಯಕ್ಕೆ ಬೆಲೆ ಇದೆ. ದಿನನಿತ್ಯದ ಬದುಕಿನಲ್ಲಿ ಕ್ರಿಸ್ತರ ಶಿಷ್ಯರಾಗಿ ಬಾಳುವುದು ಹೇಗೆ ಎಂಬ ವಿಷಯದ ಮೇಲೆ ಮಾತಾಡಲು ನನಗೆ ಹೇಳಿದ್ದಾರೆ. ನಮ್ಮ ಸಂಘಗಳಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದ ಹೆಣ್ಣುಮಕ್ಕಳೂ ಇದ್ದೀರಿ. ನಾನು ಹೇಳುವ ಕಥೆಗಳು ಪವಿತ್ರ ಬೈಬಲಿನವು. ಆದರೆ ಅದರಲ್ಲಿ ಬರುವ ಕಷ್ಟಸುಖ ಎಲ್ಲರದ್ದೂ ಹೌದು.

ಶಿಷ್ಯ ಎಂದರೆ ಯಾರು? ಗುರುವಿನಿಂದ ಕಲಿಯುವವನು, ಗುರು ನಡೆದ ದಾರಿಯಲ್ಲಿ ನಡೆಯುವವನು. ಭಾನುವಾರ ಪೂಜೆಗೆ ಬಂದು, ಜಪಸರ ಹೇಳಿ ಮನೆಗೆ ಹೋದರೆ ಶಿಷ್ಯತ್ವ ಮುಗಿಯುವುದಿಲ್ಲ. ಅಲ್ಲಿಂದ ಶುರುವಾಗುತ್ತದೆ.

ನಮ್ಮ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಹಳೇ ದೇವಾಲಯವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. 19ನೇ ಶತಮಾನದಲ್ಲಿ ಫ್ರೆಂಚ್ ಗುರುಗಳು ಕಟ್ಟಿಸಿದ ದೊಡ್ಡ ದೇವಾಲಯ ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಜನ ಊರು ಬಿಡಬೇಕಾಯಿತು. ಜಲಾಶಯ ತುಂಬಿದಾಗ ಆ ಗೋಡೆಗಳು ಅರ್ಧ ನೀರಿನಲ್ಲಿ ನಿಲ್ಲುತ್ತವೆ. ಊರು ಬಿಟ್ಟವರು ಗೋಡೆ ಹೊತ್ತುಕೊಂಡು ಹೋಗಲಿಲ್ಲ, ವಿಶ್ವಾಸವನ್ನು ಹೊತ್ತುಕೊಂಡು ಹೋದರು. ಹೊಸ ಜಾಗದಲ್ಲಿ ಮತ್ತೆ ಬದುಕು ಕಟ್ಟಿದರು. ವಿಶ್ವಾಸ ಇರುವುದು ಕಟ್ಟಡದಲ್ಲಲ್ಲ, ಜನರ ನಡವಳಿಕೆಯಲ್ಲಿ ಅನ್ನೋದಕ್ಕೆ ನಮ್ಮ ಜಿಲ್ಲೆಯಲ್ಲೇ ಸಾಕ್ಷಿ ಇದೆ.

ಸಂಘ ಕೂಡ ವಿಶ್ವಾಸದ ಮೇಲೆಯೇ ನಿಂತಿದೆ. ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮವನ್ನು ನಬಾರ್ಡ್ 1992ರಲ್ಲಿ ಶುರು ಮಾಡಿತು. ಅದಕ್ಕೆ ಮುಂಚೆ ಪಹಣಿ ಇಲ್ಲದ, ಒಡವೆ ಇಲ್ಲದ ಹೆಂಗಸಿಗೆ ಬ್ಯಾಂಕಿನ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ. ನಾವು ಅಡವಿಟ್ಟಿದ್ದು ಏನು? ಜಮೀನಲ್ಲ, ಚಿನ್ನವಲ್ಲ. ಒಬ್ಬರ ಮೇಲೆ ಒಬ್ಬರು ಇಟ್ಟ ನಂಬಿಕೆ. ಹಾಗಾಗಿ ನಮ್ಮ ಶಿಷ್ಯತ್ವಕ್ಕೆ ಪರೀಕ್ಷೆ ನಡೆಯುವ ಜಾಗ ಒಂದನ್ನು ಹೇಳುತ್ತೇನೆ. ಕಂತು ಕಟ್ಟಲು ಆಗದ ಸದಸ್ಯೆಯ ಜೊತೆ ನಾವು ಹೇಗೆ ನಡೆದುಕೊಳ್ಳುತ್ತೇವೆ?

ಹೀಗೊಂದು ಸಂದರ್ಭ ಇಟ್ಟುಕೊಳ್ಳಿ. ಸಂಘದಲ್ಲಿ ಹದಿನೈದು ಜನ. ಒಬ್ಬಾಕೆ ಮೂರು ವಾರದಿಂದ ಸಭೆಗೆ ಬಂದಿಲ್ಲ. "ದುಡ್ಡು ತಗೊಳ್ಳೋವಾಗ ಮುಂದೆ ಇದ್ದಳು, ಕಟ್ಟೋವಾಗ ನಾಪತ್ತೆ" ಎಂದು ಒಬ್ಬರು ಅಂತಾರೆ. "ಮೊನ್ನೆ ಹೊಸ ಸೀರೆ ಉಟ್ಟಿದ್ದಳು" ಎಂದು ಇನ್ನೊಬ್ಬರು ಸೇರಿಸ್ತಾರೆ. ಅಲ್ಲಿಗೆ ತೀರ್ಪು ಆಗಿಹೋಯ್ತು. ಆಕೆಯ ಶುಂಠಿಗೆ ಕೊಳೆರೋಗ ಬಂದಿದೆಯೋ, ಮಗುವಿಗೆ ಹುಷಾರಿಲ್ಲವೋ, ಗಂಡ ಆ ದುಡ್ಡನ್ನು ಕಿತ್ತುಕೊಂಡನೋ ಯಾರೂ ಕೇಳಲಿಲ್ಲ. ನಮ್ಮ ಕಡೆ ಹೊಗೆಸೊಪ್ಪಿನ ದುಡ್ಡು ಕೈಗೆ ಬರುವುದು ರಾಮನಾಥಪುರದಲ್ಲಿ ಹರಾಜು ಶುರುವಾದ ಮೇಲೆ. ಆದರೆ ಮಕ್ಕಳ ಫೀಸು ಜೂನ್ ತಿಂಗಳಲ್ಲೇ ಬರುತ್ತದೆ, ಕಂತು ವಾರವಾರವೂ ಬರುತ್ತದೆ. ಕಷ್ಟ ಎಲ್ಲಿ ಹುಟ್ಟುತ್ತದೆ ಎಂದು ನಿಮಗೇ ಗೊತ್ತು.

ಯೇಸುಸ್ವಾಮಿ ಒಬ್ಬ ಹೆಂಗಸಿನ ಕಥೆ ಹೇಳಿದರು. ಸಂತ ಲೂಕರ ಶುಭಸಂದೇಶದ 15ನೇ ಅಧ್ಯಾಯದಲ್ಲಿದೆ. ಆಕೆಯ ಹತ್ತಿರ ಹತ್ತು ಬೆಳ್ಳಿ ನಾಣ್ಯ ಇದ್ದವು. ಒಂದು ಕಳೆದುಹೋಯಿತು. ಒಂಬತ್ತು ಇವೆಯಲ್ಲ, ಸಾಕು ಎಂದು ಆಕೆ ಕೂರಲಿಲ್ಲ. ದೀಪ ಹಚ್ಚಿದಳು, ಮನೆ ಗುಡಿಸಿದಳು, ಸಿಗುವ ತನಕ ಹುಡುಕಿದಳು. ಸಿಕ್ಕಿದ ಮೇಲೆ ಅಕ್ಕಪಕ್ಕದವರನ್ನು ಕರೆದು ಸಂತೋಷಪಟ್ಟಳು. ದೇವರು ಕಳೆದುಹೋದವರನ್ನು ಹೀಗೇ ಹುಡುಕುತ್ತಾರೆ ಎಂದು ಯೇಸು ಕಲಿಸಿದರು. ದೇವರ ಪ್ರೀತಿಯನ್ನು ತೋರಿಸಲು ಅವರು ಕೈಯಲ್ಲಿ ಪೊರಕೆ ಹಿಡಿದ ಒಬ್ಬ ಗೃಹಿಣಿಯನ್ನು ಆರಿಸಿಕೊಂಡರು. ಇದು ನಮಗೆ ಎಂಥ ಗೌರವ, ಯೋಚನೆ ಮಾಡಿ.

ಸಭೆಗೆ ಬಾರದ ಆ ಸದಸ್ಯೆ ನಮ್ಮ ಕಳೆದುಹೋದ ನಾಣ್ಯ. ಹಾಗಾದರೆ ನಾವು ಏನು ಮಾಡಬೇಕು?

ಮೊದಲು ದೀಪ ಹಚ್ಚಬೇಕು. ಅಂದರೆ ನಿಜ ತಿಳಿದುಕೊಳ್ಳಬೇಕು. ಇಬ್ಬರು ಹೋಗಿ, ಇಪ್ಪತ್ತು ಜನ ಬೇಡ. ಅತ್ತೆ, ನೆರೆಹೊರೆಯವರ ಎದುರಿಗೆ ದುಡ್ಡಿನ ಮಾತು ಎತ್ತಬೇಡಿ. "ಯಾಕಮ್ಮ, ಹುಷಾರಾಗಿದ್ದೀಯಾ?" ಎಂದು ಮೊದಲು ಕೇಳಿ. ಲೆಕ್ಕ ಆಮೇಲೆ.

ಎರಡನೆಯದು ಪೊರಕೆ. ಗುಡಿಸಬೇಕಾದ್ದು ನಮ್ಮದೇ ಮನೆಯನ್ನು. ನಮ್ಮ ಚಾಡಿಮಾತು ಕೇಳಿ ಆಕೆ ನಾಚಿ ದೂರ ಉಳಿದಿರಬಹುದು. ಪಾಸ್ ಪುಸ್ತಕದಲ್ಲಿ ಸರಿಯಾಗಿ ಬರೆಯದೆ ಆಕೆಗೆ ಅನುಮಾನ ಬಂದಿರಬಹುದು. ಅದನ್ನೂ ನೋಡಿಕೊಳ್ಳಬೇಕು.

ಬೈಬಲಿನ ಹಳೇ ಒಡಂಬಡಿಕೆಯಲ್ಲಿ, ಧರ್ಮೋಪದೇಶಕಾಂಡದ 24ನೇ ಅಧ್ಯಾಯದಲ್ಲಿ, ಸಾಲದ ಬಗ್ಗೆ ಕಟ್ಟಳೆಗಳಿವೆ. ಬೀಸುವ ಕಲ್ಲನ್ನು ಅಡವಾಗಿ ತೆಗೆದುಕೊಳ್ಳಬಾರದು ಎಂದಿದೆ. ಏಕೆಂದರೆ ಅದು ಹೋದರೆ ಆ ಮನೆಯಲ್ಲಿ ಹಿಟ್ಟಿಲ್ಲ, ಊಟವಿಲ್ಲ. ಸಾಲ ಕೊಟ್ಟವನು ಅಡವು ತರಲು ಸಾಲಗಾರನ ಮನೆಯೊಳಗೆ ನುಗ್ಗಬಾರದು, ಹೊರಗೇ ನಿಲ್ಲಬೇಕು ಎಂದೂ ಇದೆ. ಬಡವನ ಮನೆಯ ಹೊಸ್ತಿಲಿಗೂ ಮರ್ಯಾದೆ ಇದೆ ಎಂದು ಅಷ್ಟು ಹಿಂದೆಯೇ ಹೇಳಿದ್ದಾರೆ.

ನಮ್ಮ ರಾಜ್ಯದಲ್ಲಿ ಕಿರುಸಾಲದ ವಸೂಲಿಗೆ ಬಂದವರ ಕಿರುಕುಳ ತಾಳಲಾರದೆ ಊರು ಬಿಟ್ಟವರ, ಜೀವ ಕಳೆದುಕೊಂಡವರ ಸುದ್ದಿ ನೀವೂ ಕೇಳಿದ್ದೀರಿ. ಅದಕ್ಕಾಗಿಯೇ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆ ತಂದಿತು. ಹೆದರಿಸಿ, ಪೀಡಿಸಿ ವಸೂಲು ಮಾಡಿದವರಿಗೆ 10 ವರ್ಷದವರೆಗೂ ಜೈಲು, 5 ಲಕ್ಷ ರೂಪಾಯಿವರೆಗೂ ದಂಡ ಅದರಲ್ಲಿತ್ತು. ಯಾರಾದರೂ ಹೀಗೆ ಪೀಡಿಸಿದರೆ ಒಬ್ಬರೇ ನುಂಗಿಕೊಳ್ಳಬೇಡಿ. ಸಂಘಕ್ಕೆ ಹೇಳಿ, ಪೊಲೀಸ್ ಠಾಣೆಗೆ ಜೊತೆಯಾಗಿ ಹೋಗಿ. ಹಾಗೆಯೇ, ಹೊರಗಿನವರು ಮಾಡಿದರೆ ತಪ್ಪು ಅನ್ನುವುದನ್ನು ನಾವೇ ನಮ್ಮ ಸದಸ್ಯೆಯ ಬಾಗಿಲಲ್ಲಿ ಗುಂಪುಗೂಡಿ ಮಾಡಬಾರದು.

"ಹಾಗಾದರೆ ಸಾಲ ಮನ್ನಾ ಮಾಡೋದಾ?" ಎಂದು ನೀವು ಕೇಳಬಹುದು. ಅಲ್ಲ. ಸಂಘದ ದುಡ್ಡು ಬಡವರು ಹೊಟ್ಟೆಬಟ್ಟೆ ಕಟ್ಟಿ ಉಳಿಸಿದ ದುಡ್ಡು. ಅದನ್ನು ಮುಳುಗಿಸುವುದು ಕರುಣೆಯಲ್ಲ. ಸಾಲ ತೀರಿಸುವುದೂ ಶಿಷ್ಯತ್ವವೇ. ಆದರೆ ದಾರಿ ಹುಡುಕಬಹುದು. 10,000 ರೂಪಾಯಿ ಸಾಲಕ್ಕೆ ಸಂಘದಲ್ಲಿ ನೂರಕ್ಕೆ 2 ರೂಪಾಯಿ ಬಡ್ಡಿ ಇದ್ದರೆ ತಿಂಗಳಿಗೆ 200 ರೂಪಾಯಿ. ನಮ್ಮ ಕಂತಿಗೆ ಹೆದರಿ ಆಕೆ ಹೊರಗೆ ನೂರಕ್ಕೆ 10ರಂತೆ ಸಾಲ ತಂದರೆ ತಿಂಗಳಿಗೆ 1,000 ರೂಪಾಯಿ ಬಡ್ಡಿ. ಆಗ ಆಕೆಯೂ ಮುಳುಗುತ್ತಾಳೆ, ನಮ್ಮ ಸಾಲವೂ ಮುಳುಗುತ್ತದೆ. ಅದರ ಬದಲು ಸಭೆಯಲ್ಲಿ ಎಲ್ಲರೂ ಮಾತಾಡಿ ಕಂತನ್ನು ಚಿಕ್ಕದು ಮಾಡಿ, ಅವಧಿ ಹೆಚ್ಚಿಸಿ, ದಂಡ ಬಿಟ್ಟು, ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಗುಟ್ಟಾಗಿ ಒಬ್ಬರಿಗೆ ಸಡಿಲ, ಇನ್ನೊಬ್ಬರಿಗೆ ಬಿಗಿ ಮಾಡಬೇಡಿ. ಕರುಣೆಗೂ ಲೆಕ್ಕ ಇರಬೇಕು.

ಪ್ರತಿನಿಧಿಗಳಿಗೆ, ಪುಸ್ತಕ ಬರೆಯುವವರಿಗೆ ಒಂದು ಮಾತು. ಯೆರಿಕೋ ಊರಿನ ಸುಂಕದವನು ಜಕ್ಕಾಯ ಯೇಸುವನ್ನು ಮನೆಗೆ ಬರಮಾಡಿಕೊಂಡ. ಯಾರಿಗಾದರೂ ಮೋಸ ಮಾಡಿದ್ದರೆ ನಾಲ್ಕರಷ್ಟು ವಾಪಸು ಕೊಡುವುದಾಗಿ ಎಲ್ಲರೆದುರು ಹೇಳಿದ. ಅವನ ಭಕ್ತಿ ಕಂಡದ್ದು ಹಾಡಿನಲ್ಲಲ್ಲ, ಲೆಕ್ಕದಲ್ಲಿ. ಬೇರೆಯವರ ಹೆಸರಿನಲ್ಲಿ ಸಾಲ ಎತ್ತಿ ತಾವು ಬಳಸುವುದು, ಕಟ್ಟಿದ ಹಣವನ್ನು ಪುಸ್ತಕಕ್ಕೆ ಹತ್ತಿಸದಿರುವುದು ಬೇಡ. ಓದು ಬಾರದ ಸದಸ್ಯೆಗೂ ಪ್ರತಿ ಸಭೆಯಲ್ಲಿ ಲೆಕ್ಕ ಓದಿ ಹೇಳಿ.

ಅಕ್ಕತಂಗಿಯರೇ, ನಾವೆಲ್ಲ ದೊಡ್ಡ ದೊಡ್ಡ ಸೇವೆ ಮಾಡಲು ಆಗದಿರಬಹುದು. ಆದರೆ ಮುಂದಿನ ಸಭೆಯಲ್ಲಿ ಹಾಜರಿ ಕರೆಯುವಾಗ ಒಂದು ಹೆಸರಿಗೆ ಉತ್ತರ ಬರದಿದ್ದರೆ, ಗೈರುಹಾಜರಿ ಎಂದು ಬರೆದು ಮುಂದಕ್ಕೆ ಹೋಗಬೇಡಿ. ಸಭೆ ಮುಗಿಯುವ ಮುಂಚೆ ಇಬ್ಬರ ಹೆಸರು ಗೊತ್ತುಮಾಡಿ, ಅವತ್ತು ಸಂಜೆಯೇ ಆಕೆಯ ಮನೆಗೆ ಹೋಗಿ ಬನ್ನಿ. ಆಕೆ ಮತ್ತೆ ಸಭೆಗೆ ಬಂದ ದಿನ ಹಳೆಯದನ್ನು ಕೆದಕದೆ ಪಕ್ಕದಲ್ಲಿ ಕೂರಿಸಿಕೊಳ್ಳಿ.

ದೇವರು ನಿಮ್ಮನ್ನೂ ನಿಮ್ಮ ಕುಟುಂಬಗಳನ್ನೂ ಆಶೀರ್ವದಿಸಲಿ.