23 ತಳಿಗಳ ಪಟ್ಟಿಯಲ್ಲಿ ನಮ್ಮನೆ ನಾಯಿ

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್, ಊರು ಬಾಗಲಕೋಟೆ ಕಡೆ. ಮನೇಲಿ ಒಂದು ರಾಟ್‌ವೈಲರ್ ಇದೆ, ಹೆಸರು ಗೌರಿ. ನಾಯಿ ಕಂಡ್ರೆ ಭಯ ಪಡೋರೂ ಇಲ್ಲಿದ್ದೀರಿ ಅಂತ ಗೊತ್ತು. ನಿಮ್ಮ ಭಯ ಸುಳ್ಳು ಅಂತ ನಾನು ಹೇಳಲ್ಲ. 2022ರಲ್ಲಿ ಲಖನೌದಲ್ಲಿ ಪಿಟ್‌ಬುಲ್ ತನ್ನ ಮನೆಯ ವೃದ್ಧೆಯನ್ನೇ ಕಚ್ಚಿ ಕೊಂದಿತ್ತು.

2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆ ರಾಜ್ಯಗಳಿಗೆ ಒಂದು ಸುತ್ತೋಲೆ ಕಳಿಸಿತು. 23 ತಳಿಗಳ ಮಾರಾಟಕ್ಕೆ, ಸಾಕಣೆಗೆ ಪರವಾನಗಿ ಕೊಡಬೇಡಿ, ಈಗಾಗಲೇ ಮನೆಗಳಲ್ಲಿರುವ ನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿ ಅಂತ. ಪಟ್ಟಿ ತೆಗೆದು ಓದಿದೆ. ಕೋಡ್ ರಿವ್ಯೂ ಮಾಡೋರಿಗೆ ತಕ್ಷಣ ಕಣ್ಣಿಗೆ ಬೀಳುತ್ತೆ: 'ತೋಸಾ ಇನು' ಅಂತ ಒಂದು ಕಡೆ, 'ಜಪಾನೀಸ್ ತೋಸಾ' ಅಂತ ಇನ್ನೊಂದು ಕಡೆ. ಎರಡೂ ಒಂದೇ ನಾಯಿ! ಮತ್ತೆ ಬರೀ 'ಟೆರಿಯರ್ಸ್' ಅಂತ ಒಂದು ಸಾಲು. ಯಾರ್ಕ್‌ಶೈರ್ ಟೆರಿಯರ್ ಮೂರು ಕೆಜಿ ಬರುತ್ತೆ, ಹ್ಯಾಂಡ್‌ಬ್ಯಾಗಲ್ಲಿ ಹಿಡಿಸುತ್ತೆ. ಅದೂ ಅಪಾಯಕಾರಿ ಆಯ್ತು.

ಅದೇ ವಾರ ನಮ್ಮ ಸೊಸೈಟಿ ಗ್ರೂಪಿನಲ್ಲಿ "ತಿಂಗಳೊಳಗೆ ಆ ನಾಯಿ ಖಾಲಿ ಮಾಡಿಸಿ" ಅಂತ ಮೆಸೇಜು. ಸಾಕಿದ ನಾಯಿಯನ್ನ ಹೊರಗೆ ಹಾಕಿ ಅಂತ ಸುತ್ತೋಲೆಯಲ್ಲಿ ಎಲ್ಲೂ ಇರಲಿಲ್ಲ. ಆದ್ರೆ ಫಾರ್ವರ್ಡ್ ಮಾಡೋರು ಓದ್ತಾರಾ? ಮಗಳು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಗೌರಿನ ಎಲ್ಲಿಗೆ ಕಳಿಸ್ತೀರಿ ಅಪ್ಪ ಅಂತ ಒಂದೇ ಪ್ರಶ್ನೆ.

ಏಪ್ರಿಲ್ 10ಕ್ಕೆ ನಮ್ಮ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನ ರದ್ದು ಮಾಡಿತು. ಸಂಬಂಧಪಟ್ಟವರನ್ನ ಕೇಳದೆ ಹೊರಡಿಸಿದ್ದು ಅನ್ನೋದು ಮುಖ್ಯ ಕಾರಣ. ಸರಿಯಾದ ಕ್ರಮದಲ್ಲಿ ನಿಯಮ ತಿದ್ದುಪಡಿ ಮಾಡೋಕೆ ಸರ್ಕಾರಕ್ಕೆ ದಾರಿ ಮುಕ್ತವಾಗೇ ಇದೆ, ಅದು ನೆನಪಿರಲಿ.

ನನ್ನ ತಕರಾರು ಬೇರೆ. ಇಂಥ ಆದೇಶ ಯಾರನ್ನ ಹಿಡಿಯುತ್ತೆ? ಪಾಲಿಕೆಯಲ್ಲಿ ನೋಂದಾಯಿಸಿ, ರೇಬೀಸ್ ಲಸಿಕೆ ದಾಖಲೆ ಇಟ್ಟುಕೊಂಡವರನ್ನ. ಅವರ ವಿಳಾಸ ಪಟ್ಟಿಯಲ್ಲಿರುತ್ತೆ. ಗೋಡೌನಿನಲ್ಲಿ ಪಿಟ್‌ಬುಲ್ ಕಟ್ಟಿ ಕಾದಾಟಕ್ಕೆ ಬಿಡೋನು ಯಾವ ಡೇಟಾಬೇಸಿನಲ್ಲೂ ಇರಲ್ಲ.

ಒಳ್ಳೆ ನಿಯಮ ಇಲ್ಲ ಅಂತಲ್ಲ. 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳನ್ನ ಓದಿ. ಬ್ರೀಡರ್ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು. ಹೆಣ್ಣು ನಾಯಿಗೆ 18 ತಿಂಗಳಾಗೋ ಮೊದಲು ಮರಿ ಹಾಕಿಸಬಾರದು, ವರ್ಷಕ್ಕೆ ಒಂದೇ ಸೂಲು, ಜೀವಮಾನಕ್ಕೆ ಐದು. 8 ವಾರ ತುಂಬದ ಮರಿ ಮಾರುವಂತಿಲ್ಲ, ಮಾರೋ ಮುಂಚೆ ಮೈಕ್ರೋಚಿಪ್ ಹಾಕಿರಬೇಕು. ಈಗ ಹೇಳಿ, ನಿಮ್ಮ ಆಫೀಸಲ್ಲಿ ಇನ್‌ಸ್ಟಾಗ್ರಾಮ್ ನೋಡಿ ಮರಿ ತಂದವರಲ್ಲಿ ಎಷ್ಟು ಜನ ನೋಂದಣಿ ಸಂಖ್ಯೆ ಕೇಳಿದ್ದಾರೆ? ಐದು ವಾರದ ಹಸ್ಕಿ ಮರಿಯನ್ನ ರಟ್ಟಿನ ಡಬ್ಬದಲ್ಲಿ ಬಸ್ಸಿಗೆ ಹಾಕಿ ಕಳಿಸ್ತಾರೆ, ನಾವು ಯುಪಿಐ ಮಾಡ್ತೀವಿ. ಕ್ರೌರ್ಯ ಅಂತ ಕೇಸು ಹಾಕಿದ್ರೆ 1960ರ ಕಾಯ್ದೆ ಪ್ರಕಾರ ಮೊದಲ ತಪ್ಪಿಗೆ ದಂಡ ಹೆಚ್ಚೆಂದರೆ 50 ರೂಪಾಯಿ. ಒಂದು ವಡಾಪಾವ್, ಒಂದು ಚಹಾ.

ನಮ್ಮ ಕಡೆ ಮುಧೋಳ ನಾಯಿ ಸಾಕಿ ಮರಿ ಮಾರೋ ರೈತರಿದ್ದಾರೆ. ತಿಮ್ಮಾಪುರದ ಸಂಶೋಧನಾ ಕೇಂದ್ರ ಆ ತಳಿಯ ಮೇಲೆ ಕೆಲಸ ಮಾಡ್ತಿದೆ. ಮಾರಾಟಕ್ಕೆ ಮರಿ ಮಾಡಿಸೋ ರೈತನೂ ನಿಯಮದ ಪ್ರಕಾರ ಬ್ರೀಡರೇ. ಹಿತ್ತಲಲ್ಲಿ ಎರಡು ನಾಯಿ ಕಟ್ಟಿದವನು, ನಲವತ್ತು ನಾಯಿ ಪಂಜರದಲ್ಲಿಟ್ಟವನು, ಇಬ್ಬರಿಗೂ ಒಂದೇ ಫಾರ್ಮು. ಇದು ನನಗೆ ಸರಿ ಕಾಣಲ್ಲ.

ತಳಿಗಿಂತ ನಡವಳಿಕೆ ನೋಡೋ ಕಾನೂನು ಬೇಕು. ಅದೂ ಇದೆ: ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್. ತನ್ನ ಪ್ರಾಣಿಯಿಂದ ಅಪಾಯ ಆಗದಂತೆ ನೋಡಿಕೊಳ್ಳದವನಿಗೆ 6 ತಿಂಗಳವರೆಗೆ ಜೈಲು ಇಲ್ಲಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಪಗ್ ಆದ್ರೂ ಅಷ್ಟೇ, ರಾಟ್‌ವೈಲರ್ ಆದ್ರೂ ಅಷ್ಟೇ. ಲಿಫ್ಟಿನಲ್ಲಿ ಮಕ್ಕಳಿದ್ರೆ ನಾವು ಮುಂದಿನ ಲಿಫ್ಟಿಗೆ ಕಾಯ್ತೀವಿ, ಗೌರಿ ಬಾಯಿಗೆ ಮಜಲ್ ಇರುತ್ತೆ. ಪಕ್ಕದ ಮನೆ ಅಜ್ಜಿ ಮೊದಲು ಬಾಗಿಲೇ ತೆಗೀತಿರಲಿಲ್ಲ, ಈಗ "ಕಾಯ್ ಗ ಗೌರಿ" ಅಂತಾರೆ, ದೂರದಿಂದಲೇ.

ಮನೆ ಬದಲಿಸೋರಿಗೆ ಒಂದು ಮಾತು. ಪರವಾನಗಿ ಆಯಾ ಪಾಲಿಕೆಯದ್ದು. ಕೋಥ್ರೂಡ್ ಪುಣೆ ಪಾಲಿಕೆ, ವಾಕಡ್ ಪಿಂಪ್ರಿ-ಚಿಂಚ್ವಡ್ ಪಾಲಿಕೆ. ಟೆಂಪೋ ಬುಕ್ ಮಾಡೋ ದಿನವೇ ಹೊಸ ಅರ್ಜಿನೂ ಹಾಕಿಬಿಡಿ, ಲಸಿಕೆ ಪುಸ್ತಕ ಕೈಯಲ್ಲಿರಲಿ. ಪ್ರಶ್ನೆ ಇದ್ರೆ ಕೇಳಿ.