ನೆನಪು ಉಳಿಯುತ್ತೆ ಅಂದುಬಿಟ್ಟೆ

ನಾಗಪುರದ ರಾಮದಾಸಪೇಠ್‌ನ ನನ್ನ ಬಾಡಿಗೆ ಮನೆಯಿಂದ ಮಾತಾಡ್ತಿದ್ದೀನಿ.

ಹೋದ ತಿಂಗಳು ನಮ್ಮ ಟೀಮಿನ ಹುಬ್ಬಳ್ಳಿ ಹುಡುಗನ ತಂದೆ ತೀರಿಕೊಂಡರು. ಊರಿಂದ ವಾಪಸ್ ಬಂದವನು ಇಲ್ಲೇ ಕೆಳಗೆ ಚಹಾ ಕುಡಿಯುತ್ತಾ ಕೇಳಿದ, "ಅಣ್ಣಾ, ನೀವು ಚರ್ಚಿಗೆ ಹೋಗೋರು. ಸತ್ತ ಮ್ಯಾಲೂ ಜೀವ ಐತಿ ಅಂತೀರಲ್ಲ, ಖರೇನ ನಂಬ್ತೀರೇನು?" ನಮ್ಮ ಸಭೆಯಲ್ಲಿ ಅದಕ್ಕೆ ನಿತ್ಯಜೀವ ಅಂತೀವಿ. ನಾನು ಮಾತ್ರ, "ಅಪ್ಪನ ಒಳ್ಳೆ ಕೆಲಸ ಉಳಿಯುತ್ತೆ, ನೆನಪು ಉಳಿಯುತ್ತೆ" ಅಂದುಬಿಟ್ಟೆ. ಅವನು ಕೇಳಿದ್ದು ಅದಲ್ಲ. ಮತಾಂತರಕ್ಕೆ ಗಾಳ ಹಾಕ್ತಿದ್ದಾನೆ ಅಂದುಕೊಂಡರೆ ಅನ್ನೋ ಅಳುಕು ನನಗೆ.

ಈ ಊರಲ್ಲಿ ಹಿಸ್ಲಾಪ್ ಕಾಲೇಜ್ ಇದೆ. ಸ್ಟೀಫನ್ ಹಿಸ್ಲಾಪ್ ಸ್ಕಾಟ್ಲೆಂಡಿನ ಮಿಷನರಿ, 1845ರಲ್ಲಿ ಇಲ್ಲಿಗೆ ಬಂದವರು. ಕಲ್ಲು, ಪಳೆಯುಳಿಕೆ ಹುಡುಕೋ ಹುಚ್ಚು ಬೇರೆ. ಕ್ರಿಸ್ತನ ವಿಷಯ ಹೇಳಲು ಬಂದ ಮನುಷ್ಯ ಗೊಂಡರು ಹೇಳಿದ್ದನ್ನು ಕೇಳುತ್ತಾ ಕೂತರು, ಅವರ ಲಿಂಗೋ ಹಾಡನ್ನು ಸಂಗ್ರಹಿಸಿದರು. 1863ರಲ್ಲಿ ಟಾಕಳಘಾಟ್‌ನ ಪುರಾತನ ಕಲ್ಲುವೃತ್ತಗಳನ್ನು ನೋಡಿ ಮರಳುವಾಗ ತುಂಬಿದ ಹಳ್ಳದಲ್ಲಿ ಮುಳುಗಿ ಹೋದರು. ವಯಸ್ಸು 45. ಅವರ ಬರಹಗಳನ್ನು ರಿಚರ್ಡ್ ಟೆಂಪಲ್ 1866ರಲ್ಲಿ ಪ್ರಕಟಿಸಿದರು.

ನನ್ನ ಉತ್ತರದ ಪ್ರಕಾರ ಆ ಪುಸ್ತಕ, ಆ ಕಾಲೇಜಿನ ಬೋರ್ಡು, ಇಷ್ಟೇ ಹಿಸ್ಲಾಪರ ನಿತ್ಯಜೀವ. ಹಾಗಾದ್ರೆ ಹೆಸರೇ ಉಳಿಯದ ಕೂಲಿಯವರಿಗೆ ಏನೂ ಇಲ್ವಾ? ಯೋಹಾನನ ಸುವಾರ್ತೆಯ 17ನೇ ಅಧ್ಯಾಯ ದೇವರನ್ನೂ ಆತ ಕಳಿಸಿದ ಯೇಸುವನ್ನೂ ಅರಿಯುವುದನ್ನೇ ನಿತ್ಯಜೀವ ಅನ್ನುತ್ತೆ. ಅಂದ್ರೆ ಅದು ಈಗಲೇ ಶುರುವಾಗುವ, ಸಾವು ಕಡಿಯಲಾರದ ಸಂಬಂಧ. ಸತ್ತವರು ಎದ್ದು ಬರುತ್ತಾರೆ ಅನ್ನೋ ನಂಬಿಕೆಯೂ ಅದರ ಜೊತೆಗೇ ಇದೆ. ಕೇಳೋಕೆ ವಿಚಿತ್ರ ಅನ್ನಿಸಬಹುದು, ಆದರೆ ನೆನಪು ಉಳಿಯೋದಕ್ಕಿಂತ ಬಹಳ ದೊಡ್ಡ ಮಾತು.

ಇನ್ನು 'ಸಾಕ್ಷಿ'. ಹೊಸ ಒಡಂಬಡಿಕೆಯ ಗ್ರೀಕ್ ಪದ 'ಮಾರ್ಟಿಸ್' ಮೂಲತಃ ನ್ಯಾಯಾಲಯದ ಸಾಕ್ಷಿಗೆ ಬಳಸುತ್ತಿದ್ದದ್ದು, ಹುತಾತ್ಮ ಅನ್ನೋ ಅರ್ಥ ಆಮೇಲೆ ಬಂತು. ಕೇಸು ಗೆಲ್ಲಿಸೋದು ವಕೀಲರ ಪಾಡು. ಸಾಕ್ಷಿ ಕಂಡದ್ದನ್ನು ಹೇಳಿದರೆ ಆಯ್ತು. ನಾನು ಅದನ್ನೂ ಹೇಳಲಿಲ್ಲ.

ಮೊನ್ನೆ ಭಾನುವಾರ ಅವನನ್ನು ಊಟಕ್ಕೆ ಕರೆದೆ. "ಅವತ್ತು ಜಾರಿಕೊಂಡೆ ಕಣಪ್ಪಾ. ನಾನು ನಂಬ್ತೀನಿ. ಸಾಬೀತು ಮಾಡೋಕೆ ಬರಲ್ಲ. ನಮ್ಮಮ್ಮ ಹೋಗುವಾಗ ಪ್ರಾರ್ಥನೆ ಮಾಡ್ತಾ ಇದ್ದರು, ಮುಖದಲ್ಲಿ ಭಯ ಇರಲಿಲ್ಲ. ನಾನು ಕಂಡದ್ದು ಅಷ್ಟೇ" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. "ನಮ್ಮಪ್ಪಗ ಭಾಳ ಅಂಜಿಕಿ ಆಗಿತ್ರೀ ಅಣ್ಣಾ" ಅಂದ. ರಾತ್ರಿ ಹನ್ನೊಂದರವರೆಗೆ ಕೂತಿದ್ವಿ. ಹೆಚ್ಚಾಗಿ ಅವನೇ ಮಾತಾಡಿದ.